ಸಿ ಭಾಷೆಯಲ್ಲಿ ಒಂದು ಸರಳ ಆರ್‌ಪಿಸಿ ಸರ್ವರ್ ಕಟ್ಟುವ ಬಗೆ

ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಮತ್ತೊಂದನ್ನು ಕರೆಯುವಾಗ ನಾವು ಮೂರು ಸಂಗತಿಗಳನ್ನು ಯೋಚಿಸದೆಯೇ ನಂಬಿರುತ್ತೇವೆ. ಎರಡೂ ಫಂಕ್ಷನ್‌ಗಳು ಒಂದೇ ಮೆಮೊರಿಯನ್ನು ನೋಡುತ್ತಿರುವುದರಿಂದ ಒಂದು ಕಡೆಯ ಪಾಯಿಂಟರ್ ಇನ್ನೊಂದು ಕಡೆಯೂ ಸಲ್ಲುತ್ತದೆ. ಎರಡೂ ಒಂದೇ ಪ್ರೊಸೆಸರ್ ಮೇಲೆ ಓಡುವುದರಿಂದ ಒಂದು ಪೂರ್ಣಾಂಕದ ನಾಲ್ಕು ಬೈಟ್‌ಗಳನ್ನು ಎರಡೂ ಒಂದೇ ಕ್ರಮದಲ್ಲಿ ಓದುತ್ತವೆ. ಎರಡೂ ಒಂದೇ ಪ್ರೋಗ್ರಾಂನ ಭಾಗಗಳಾದ್ದರಿಂದ ಬದುಕಿದರೆ ಒಟ್ಟಿಗೆ ಬದುಕುತ್ತವೆ, ಸತ್ತರೆ ಒಟ್ಟಿಗೆ ಸಾಯುತ್ತವೆ. ರಿಮೋಟ್ ಪ್ರೊಸೀಜರ್ ಕಾಲ್, ಅಂದರೆ ಆರ್‌ಪಿಸಿ, ಫಂಕ್ಷನ್ ಕರೆಯ ಹೊರರೂಪವನ್ನು ಹಾಗೆಯೇ ಉಳಿಸಿಕೊಂಡು ಈ ಮೂರು ನಂಬಿಕೆಗಳನ್ನೂ ಅಡಿಯಿಂದ ತೆಗೆದುಬಿಡುತ್ತದೆ. ಆರ್‌ಪಿಸಿ ಸರ್ವರ್ ಬರೆಯಲು ಕಲಿಯುವುದೆಂದರೆ, ತೆಗೆದುಹೋದ ಆ ನಂಬಿಕೆಗಳ ಜಾಗದಲ್ಲಿ ಏನನ್ನು ಇಡಲಾಗಿದೆ, ಎಲ್ಲಿ ಏನನ್ನೂ ಇಡಲಾಗಿಲ್ಲ ಎಂಬುದನ್ನು ತಿಳಿಯುವುದೇ ಆಗಿದೆ.

ಈ ಲೇಖನದಲ್ಲಿ ಕಟ್ಟಲಿರುವ ಸರ್ವರ್ ತೀರಾ ಸಣ್ಣದು. ಕ್ಲೈಂಟ್ ಎರಡು ಪೂರ್ಣಾಂಕಗಳನ್ನು ಕಳುಹಿಸುತ್ತದೆ. ಸರ್ವರ್ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಭಾಗಲಬ್ಧವನ್ನೂ ಶೇಷವನ್ನೂ ಹಿಂತಿರುಗಿಸುತ್ತದೆ. ಸಂಕಲನದ ಬದಲು ಭಾಗಾಕಾರವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ: ಭಾಗಾಕಾರ ತಪ್ಪಬಹುದು, ಮತ್ತು ತಪ್ಪಿದಾಗ ಏನಾಗುತ್ತದೆ ಎಂಬುದರಲ್ಲಿಯೇ ಕಲಿಯಬೇಕಾದದ್ದು ಹೆಚ್ಚು ಇದೆ. ಸಾಧನವಾಗಿ ಬಳಸುವುದು ಓಎನ್‌ಸಿ ಆರ್‌ಪಿಸಿಯನ್ನು. ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯ ಮೇಲೆಯೇ, ನೆಟ್‌ವರ್ಕ್ ಮೂಲಕ ಫೈಲ್‌ಗಳನ್ನು ಹಂಚಿಕೊಳ್ಳುವ ಎನ್‌ಎಫ್‌ಎಸ್ ಇಂದಿಗೂ ನಿಂತಿದೆ. ಅದರ ಪ್ರೋಟೋಕಾಲ್ 1988ರಲ್ಲಿ, ಇಂಟರ್‌ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ, ಆರ್‌ಎಫ್‌ಸಿ 1050 ಆಗಿ ಪ್ರಕಟವಾಯಿತು. ಈಗ ಆಧಾರವಾಗಿರುವುದು 2009ರ ಆರ್‌ಎಫ್‌ಸಿ 5531. ಇದಕ್ಕೂ ಮೊದಲು, 1984ರಲ್ಲಿ, ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಆಂಡ್ರ್ಯೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ್ದ ಸ್ಟಬ್ ಎಂಬ ಕಲ್ಪನೆಯೇ ಇಲ್ಲಿಯೂ ಬೆನ್ನೆಲುಬಾಗಿದೆ. ಸ್ಟಬ್ ಎಂದರೆ ನಿಜವಾದ ಫಂಕ್ಷನ್‌ನ ಹೆಸರಿನಲ್ಲಿ ಕ್ಲೈಂಟ್ ಬಳಿ ನಿಲ್ಲುವ ಪ್ರತಿನಿಧಿ. ಅದು ಆರ್ಗ್ಯುಮೆಂಟ್‌ಗಳನ್ನು ಬೈಟ್‌ಗಳಾಗಿ ಕಟ್ಟಿ ಕಳುಹಿಸುತ್ತದೆ, ಉತ್ತರಕ್ಕಾಗಿ ಕಾಯುತ್ತದೆ, ಬಂದ ಬೈಟ್‌ಗಳನ್ನು ಬಿಚ್ಚಿ ಕರೆದವರ ಕೈಗಿಡುತ್ತದೆ. ಇದಕ್ಕಿಂತ ಹೊಸ ವ್ಯವಸ್ಥೆಗಳಲ್ಲಿಯೂ ಇಂಟರ್‌ಫೇಸ್ ಫೈಲ್, ಅದರಿಂದ ಹುಟ್ಟುವ ಕೋಡ್, ಎರಡೂ ಕಡೆಯ ಸ್ಟಬ್ ಎಂಬ ಆಕಾರ ಬದಲಾಗಿಲ್ಲ. ಆದರೆ ಒಂದೊಂದು ಬೈಟನ್ನೂ ಬೆರಳಿಟ್ಟು ತೋರಿಸಬಹುದಾದಷ್ಟು ಸರಳತೆ ಓಎನ್‌ಸಿ ಆರ್‌ಪಿಸಿಯಲ್ಲಿದೆ, ಕಲಿಯುವವರಿಗೆ ಅದೇ ದೊಡ್ಡ ಲಾಭ.

ಕೆಲಸ ಆರಂಭವಾಗುವುದು ಸಿ ಕೋಡಿನಿಂದಲ್ಲ, ಒಪ್ಪಂದದಿಂದ. ಡಿವ್.ಎಕ್ಸ್ ಎಂಬ ಫೈಲಿನಲ್ಲಿ, ಸಿ ಭಾಷೆಯನ್ನೇ ಹೋಲುವ ಆದರೆ ಅದಕ್ಕಿಂತ ಕಟ್ಟುನಿಟ್ಟಾದ ಒಂದು ವಿವರಣಾ ಭಾಷೆಯಲ್ಲಿ, ಯಾವ ರೀತಿಯ ದತ್ತಾಂಶ ಹೋಗುತ್ತದೆ, ಯಾವುದು ಬರುತ್ತದೆ, ಯಾವ ಪ್ರೊಸೀಜರ್‌ಗಳಿವೆ ಎಂಬುದನ್ನು ಬರೆಯುತ್ತೇವೆ. ಮೊದಲಿಗೆ ಭಾಜ್ಯ ಮತ್ತು ಭಾಜಕ ಎಂಬ ಎರಡು ಪೂರ್ಣಾಂಕಗಳಿರುವ ಒಂದು ಸ್ಟ್ರಕ್ಟ್ ಬರುತ್ತದೆ. ನಂತರ ಭಾಗಲಬ್ಧ ಮತ್ತು ಶೇಷಗಳಿರುವ ಇನ್ನೊಂದು ಸ್ಟ್ರಕ್ಟ್. ಆಮೇಲೆ ಬರುವ ಮೂರನೆಯ ವಿವರಣೆಗೆ ಸ್ವಲ್ಪ ಗಮನ ಬೇಕು: ಅದು ಸ್ಥಿತಿ ಎಂಬ ಪೂರ್ಣಾಂಕದ ಮೇಲೆ ಕವಲೊಡೆಯುವ ಯೂನಿಯನ್. ಸ್ಥಿತಿ ಸೊನ್ನೆಯಾಗಿದ್ದರೆ ಭಾಗಲಬ್ಧ ಮತ್ತು ಶೇಷಗಳ ಸ್ಟ್ರಕ್ಟ್ ಅದರ ಹಿಂದೆಯೇ ಬರುತ್ತದೆ. ಬೇರೆ ಏನೇ ಆಗಿದ್ದರೂ ಅದರ ಹಿಂದೆ ಏನೂ ಬರುವುದಿಲ್ಲ. ಸಿ ಭಾಷೆಯ ಯೂನಿಯನ್‌ನಲ್ಲಿ ಈಗ ಯಾವ ಸದಸ್ಯ ಜೀವಂತವಾಗಿದೆ ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇರುತ್ತದೆ. ಇಲ್ಲಿ ಅದನ್ನು ದತ್ತಾಂಶದ ಜೊತೆಯಲ್ಲಿಯೇ ಕಳುಹಿಸಬೇಕಾಗುತ್ತದೆ, ಏಕೆಂದರೆ ಆಚೆ ಇರುವವರಿಗೆ ನಮ್ಮ ತಲೆಯೊಳಗೆ ಏನಿದೆ ಎಂಬುದು ಕಾಣುವುದಿಲ್ಲ.

ಫೈಲಿನ ಕೊನೆಯಲ್ಲಿ ಪ್ರೋಗ್ರಾಂ ವಿಭಾಗವಿರುತ್ತದೆ. ಒಂದು ಸಾಮಾನ್ಯ ಫಂಕ್ಷನ್‌ಗೆ ಅದರ ವಿಳಾಸವೇ ಗುರುತು. ದೂರದ ಫಂಕ್ಷನ್‌ಗೆ ಮೂರು ಸಂಖ್ಯೆಗಳು ಗುರುತು. ಸೇವೆ ಯಾವುದು ಎಂಬುದನ್ನು ಪ್ರೋಗ್ರಾಂ ಸಂಖ್ಯೆ ಹೇಳುತ್ತದೆ, ಆ ಸೇವೆಯ ಯಾವ ಒಪ್ಪಂದ ಎಂಬುದನ್ನು ಆವೃತ್ತಿ ಸಂಖ್ಯೆ ಹೇಳುತ್ತದೆ, ಅದರೊಳಗಿನ ಯಾವ ಕೆಲಸ ಎಂಬುದನ್ನು ಪ್ರೊಸೀಜರ್ ಸಂಖ್ಯೆ ಹೇಳುತ್ತದೆ. ಎನ್‌ಎಫ್‌ಎಸ್‌ನ ಪ್ರೋಗ್ರಾಂ ಸಂಖ್ಯೆ 100003. ನಮ್ಮ ಸ್ವಂತ ಪ್ರಯೋಗಗಳಿಗಾಗಿ ಹೆಕ್ಸಾಡೆಸಿಮಲ್ ಲೆಕ್ಕದಲ್ಲಿ 20000000ರಿಂದ ಆರಂಭವಾಗಿ 40000000ಕ್ಕೆ ಒಂದು ಕಡಿಮೆಯವರೆಗಿನ ಸಂಖ್ಯೆಗಳನ್ನು ಬಿಟ್ಟುಕೊಡಲಾಗಿದೆ. ನಾವು ಹೆಕ್ಸಾಡೆಸಿಮಲ್ 20000001 ಅನ್ನು ತೆಗೆದುಕೊಳ್ಳೋಣ. ದಶಮಾಂಶದಲ್ಲಿ ಅದು 536870913. ಆವೃತ್ತಿ 1, ಡಿವೈಡ್ ಎಂಬ ಪ್ರೊಸೀಜರ್‌ನ ಸಂಖ್ಯೆಯೂ 1. ಸೊನ್ನೆಯಿಂದ ಎಣಿಕೆ ಆರಂಭಿಸುವಂತಿಲ್ಲ, ಏಕೆಂದರೆ ಪ್ರತಿ ಸೇವೆಯಲ್ಲಿಯೂ ಸೊನ್ನೆಯನೆಯ ಪ್ರೊಸೀಜರ್ ಏನನ್ನೂ ತೆಗೆದುಕೊಳ್ಳದೆ ಏನನ್ನೂ ಕೊಡದೆ ಸುಮ್ಮನೆ ಓಗೊಡುವುದಕ್ಕೆಂದೇ ಮೀಸಲಾಗಿದೆ. ಸರ್ವರ್ ಬದುಕಿದೆಯೇ ಎಂದು ಕೇಳಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಡಿವ್.ಎಕ್ಸ್ ಅನ್ನು ಆರ್‌ಪಿಸಿಜೆನ್ ಎಂಬ ಸಾಧನಕ್ಕೆ ಕೊಟ್ಟರೆ ಅದು ನಾಲ್ಕು ಫೈಲ್‌ಗಳನ್ನು ಬರೆದುಕೊಡುತ್ತದೆ. ಡಿವ್.ಎಚ್ ಎಂಬ ಹೆಡರ್‌ನಲ್ಲಿ ನಮ್ಮ ಸ್ಟ್ರಕ್ಟ್‌ಗಳ ಸಿ ರೂಪವಿರುತ್ತದೆ. ಡಿವ್_ಎಕ್ಸ್‌ಡಿಆರ್.ಸಿ ಫೈಲಿನಲ್ಲಿ ಒಂದೊಂದು ಸ್ಟ್ರಕ್ಟನ್ನೂ ಬೈಟ್‌ಗಳಾಗಿ ಕಟ್ಟುವ, ಬಿಚ್ಚುವ ಫಂಕ್ಷನ್‌ಗಳಿರುತ್ತವೆ. ಡಿವ್_ಸಿಎಲ್‌ಎನ್‌ಟಿ.ಸಿ ಕ್ಲೈಂಟ್‌ನ ಸ್ಟಬ್, ಡಿವ್_ಎಸ್‌ವಿಸಿ.ಸಿ ಸರ್ವರ್‌ನ ಸ್ಟಬ್. ಸರ್ವರ್‌ನ ಮೇನ್ ಫಂಕ್ಷನ್ ಕೂಡ ಈ ಕೊನೆಯ ಫೈಲಿನಲ್ಲಿಯೇ ಇದೆ ಎಂಬುದು ಮೊದಲ ಬಾರಿ ನೋಡುವವರಿಗೆ ಅಚ್ಚರಿ ತರಬಹುದು. ನಾವು ಮೇನ್ ಬರೆಯುವುದೇ ಇಲ್ಲ, ಬರೆದರೆ ಲಿಂಕರ್ ಎರಡು ಮೇನ್‌ಗಳಿವೆ ಎಂದು ನಿಲ್ಲಿಸುತ್ತದೆ. ಹೀಗೆ ಹುಟ್ಟಿದ ಫೈಲ್‌ಗಳನ್ನು ಕೈಯಿಂದ ತಿದ್ದಬಾರದು, ಏಕೆಂದರೆ ಒಪ್ಪಂದ ಬದಲಾದಾಗಲೆಲ್ಲ ಅವು ಮತ್ತೆ ಹುಟ್ಟುತ್ತವೆ. ಆದರೆ ಅವುಗಳನ್ನು ಒಮ್ಮೆಯಾದರೂ ಪೂರ್ತಿ ಓದಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ನಾಲ್ಕೂ ಸೇರಿ ಕೆಲವು ನೂರು ಸಾಲುಗಳಿಗಿಂತ ಹೆಚ್ಚಿಲ್ಲ, ಮತ್ತು ಅವುಗಳಲ್ಲಿ ಸಾಧಾರಣ ಸಿ ಕೋಡಿನ ಹೊರತು ಬೇರೆ ಏನೂ ಇಲ್ಲ.

ನಮ್ಮ ಪಾಲಿಗೆ ಉಳಿಯುವುದು ಒಂದೇ ಒಂದು ಫಂಕ್ಷನ್. ಅದರ ಹೆಸರು ಡಿವೈಡ್_1_ಎಸ್‌ವಿಸಿ ಎಂದೇ ಇರಬೇಕು: ಪ್ರೊಸೀಜರ್‌ನ ಹೆಸರು ಸಣ್ಣ ಅಕ್ಷರಗಳಲ್ಲಿ, ನಂತರ ಆವೃತ್ತಿ ಸಂಖ್ಯೆ, ಕೊನೆಗೆ ಸರ್ವರ್ ಎಂಬುದರ ಗುರುತು. ಅದು ಎರಡು ಪಾಯಿಂಟರ್‌ಗಳನ್ನು ತೆಗೆದುಕೊಳ್ಳುತ್ತದೆ. ಮೊದಲನೆಯದು ಆರ್ಗ್ಯುಮೆಂಟ್ ಸ್ಟ್ರಕ್ಟ್‌ಗೆ, ಎರಡನೆಯದು ಕರೆ ಯಾರಿಂದ ಬಂತು ಎಂಬ ವಿವರಗಳಿಗೆ. ಹಿಂತಿರುಗಿಸುವುದೂ ಪಾಯಿಂಟರನ್ನೇ, ಫಲಿತಾಂಶದ ಯೂನಿಯನ್‌ಗೆ.

ಹೊಸಬರು ಎಡವುವ ಮೊದಲ ಜಾಗ ಇದೇ. ಫಲಿತಾಂಶವನ್ನು ಫಂಕ್ಷನ್‌ನೊಳಗೆ ಸಾಮಾನ್ಯ ವೇರಿಯಬಲ್ ಆಗಿ ಘೋಷಿಸಿ ಅದರ ವಿಳಾಸವನ್ನು ಹಿಂತಿರುಗಿಸಿದರೆ, ಫಂಕ್ಷನ್ ಮುಗಿದ ಕ್ಷಣದಲ್ಲಿಯೇ ಸ್ಟ್ಯಾಕ್‌ನ ಆ ಜಾಗ ಬೇರೆಯವರ ಪಾಲಾಗುತ್ತದೆ. ಬೈಟ್‌ಗಳಾಗಿ ಕಟ್ಟುವ ಕೆಲಸ ನಡೆಯುವುದು ನಮ್ಮ ಫಂಕ್ಷನ್ ಮುಗಿದ ಮೇಲೆ, ಸರ್ವರ್ ಸ್ಟಬ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ಏನು ಉಳಿದಿರುತ್ತದೆ ಎಂಬುದಕ್ಕೆ ಯಾರ ಭರವಸೆಯೂ ಇಲ್ಲ. ನಾನು ಬರೆದ ಮೊದಲ ಸರ್ವರ್ ಡೀಬಗ್ ಮಾಡುವಾಗ ಸರಿಯಾದ ಉತ್ತರ ಕೊಟ್ಟು, ಕಂಪೈಲರ್‌ನ ಆಪ್ಟಿಮೈಸೇಶನ್ ಆನ್ ಮಾಡಿದ ತಕ್ಷಣ ಅರ್ಥವಿಲ್ಲದ ಸಂಖ್ಯೆಗಳನ್ನು ಕೊಡತೊಡಗಿತ್ತು, ಮತ್ತು ಕಾರಣ ಈ ಒಂದು ಪದದ ಕೊರತೆಯೇ ಆಗಿತ್ತು: ಸ್ಟ್ಯಾಟಿಕ್. ಫಲಿತಾಂಶದ ವೇರಿಯಬಲ್ ಅನ್ನು ಸ್ಟ್ಯಾಟಿಕ್ ಎಂದು ಘೋಷಿಸಿದರೆ ಅದು ಪ್ರೋಗ್ರಾಂ ಇರುವವರೆಗೂ ಒಂದೇ ಜಾಗದಲ್ಲಿ ಇರುತ್ತದೆ. ಅದಕ್ಕೊಂದು ಬೆಲೆಯೂ ಇದೆ. ಹಿಂದಿನ ಕರೆಯ ಫಲಿತಾಂಶ ಅದರಲ್ಲಿಯೇ ಕುಳಿತಿರುತ್ತದೆ. ನಮ್ಮ ಭಾಗಾಕಾರದಲ್ಲಿ ಬರೀ ಪೂರ್ಣಾಂಕಗಳಿರುವುದರಿಂದ ಚಿಂತೆಯಿಲ್ಲ, ಆದರೆ ಫಲಿತಾಂಶದೊಳಗೆ ಮ್ಯಾಲಕ್‌ನಿಂದ ಪಡೆದ ಸ್ಟ್ರಿಂಗ್ ಅಥವಾ ಪಟ್ಟಿ ಇದ್ದರೆ, ಹೊಸ ಕರೆ ಬಂದೊಡನೆ ಮೊದಲು ಎಕ್ಸ್‌ಡಿಆರ್_ಫ್ರೀ ಎಂಬ ಲೈಬ್ರರಿ ಫಂಕ್ಷನ್ ಕರೆದು ಹಳೆಯದನ್ನು ಬಿಡಿಸಬೇಕು. ಉತ್ತರ ಕಳುಹಿಸುವ ಮೊದಲೇ ಬಿಡಿಸುವಂತಿಲ್ಲ, ಕಳುಹಿಸಿದ ಮೇಲೆ ನಿಯಂತ್ರಣ ನಮ್ಮ ಕೈಗೆ ಬರುವುದಿಲ್ಲ; ಹಾಗಾಗಿ ಹಿಂದಿನ ಊಟದ ಎಲೆಯನ್ನು ಮುಂದಿನ ಪಂಕ್ತಿ ಕೂರುವ ಮೊದಲು ಎತ್ತುವ ಹಾಗೆ, ಈ ಕರೆಯ ಕಸವನ್ನು ಮುಂದಿನ ಕರೆ ತೆಗೆಯುತ್ತದೆ.

ಈಗ ಭಾಗಾಕಾರ. ಭಾಜಕ ಸೊನ್ನೆಯಾಗಿದ್ದರೆ ಏನು? ಒಂದೇ ಪ್ರೋಗ್ರಾಂನೊಳಗಾಗಿದ್ದರೆ, ಸೊನ್ನೆಯಿಂದ ಭಾಗಿಸಿದವನ ಪ್ರೋಗ್ರಾಂ ಬೀಳುತ್ತದೆ, ತಪ್ಪು ಮಾಡಿದವನೇ ಅನುಭವಿಸುತ್ತಾನೆ. ಇಲ್ಲಿ ಹಾಗಲ್ಲ. ಲಿನಕ್ಸ್‌ನ ಸಾಮಾನ್ಯ ಎಕ್ಸ್86 ಯಂತ್ರದಲ್ಲಿ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದರೆ ಸರ್ವರ್ ಪ್ರೊಸೆಸ್‌ಗೆ ಸಿಗ್‌ಎಫ್‌ಪಿಇ ಸಿಗ್ನಲ್ ಬಂದು ಅದು ಅಲ್ಲಿಯೇ ನಿಲ್ಲುತ್ತದೆ. ಎಲ್ಲೋ ಒಬ್ಬ ಕ್ಲೈಂಟ್ ಕಳುಹಿಸಿದ ಒಂದು ಸೊನ್ನೆಯಿಂದ ಉಳಿದ ಎಲ್ಲ ಕ್ಲೈಂಟ್‌ಗಳ ಸೇವೆಯೂ ನಿಂತುಹೋಗುತ್ತದೆ. ಆದ್ದರಿಂದ ಭಾಗಿಸುವ ಮುನ್ನ ಪರೀಕ್ಷಿಸಿ, ಸೊನ್ನೆಯಾಗಿದ್ದರೆ ಸ್ಥಿತಿಯನ್ನು 1 ಎಂದು ಗುರುತಿಸಿ ಹಿಂತಿರುಗಬೇಕು. ಇಷ್ಟಕ್ಕೆ ನಿಲ್ಲಿಸುವವರೇ ಹೆಚ್ಚು. ಆದರೆ ಇನ್ನೊಂದು ಬಲೆ ಇದೆ: 32 ಬಿಟ್‌ಗಳ ಅತ್ಯಂತ ಕಿರಿಯ ಸಂಖ್ಯೆಯಾದ ಋಣ 2147483648 ಅನ್ನು ಋಣ 1ರಿಂದ ಭಾಗಿಸಿದರೆ ಬರುವ ಧನ 2147483648, ಅದೇ 32 ಬಿಟ್‌ಗಳ ಚಿಹ್ನೆಸಹಿತ ಪೂರ್ಣಾಂಕದಲ್ಲಿ ಹಿಡಿಯುವುದಿಲ್ಲ. ಸಿ ಭಾಷೆಯ ನಿಯಮ ಇದರ ಫಲವನ್ನು ನಿರ್ಧರಿಸಿಲ್ಲ, ಎಕ್ಸ್86 ಪ್ರೊಸೆಸರ್ ಅದಕ್ಕೂ ಸೊನ್ನೆಗೆ ಕೊಟ್ಟ ಶಿಕ್ಷೆಯನ್ನೇ ಕೊಡುತ್ತದೆ. ಅದಕ್ಕೆ ಸ್ಥಿತಿ 2. ನೆಟ್‌ವರ್ಕ್‌ನಿಂದ ಬಂದ ಯಾವ ಸಂಖ್ಯೆಯನ್ನೂ ಸಹಜವಾದದ್ದೆಂದು ಭಾವಿಸಬಾರದು ಎಂಬುದನ್ನು ಈ ಎರಡು ಇಫ್ ಸಾಲುಗಳಷ್ಟು ಚೆನ್ನಾಗಿ ಬೇರೆ ಯಾವುದೂ ನನಗೆ ಕಲಿಸಿಲ್ಲ.

ದೋಷವನ್ನು ಸ್ಥಿತಿಯ ಮೂಲಕ ಹೇಳುವ ಬದಲು ನಲ್ ಪಾಯಿಂಟರ್ ಹಿಂತಿರುಗಿಸಿದರಾಗದೇ ಎಂದು ಸಿ ಬರೆದು ಅಭ್ಯಾಸವಿರುವ ಯಾರಿಗಾದರೂ ಅನಿಸುತ್ತದೆ. ಸರ್ವರ್ ಸ್ಟಬ್‌ನ ಕೋಡನ್ನು ತೆರೆದು ನೋಡಿದರೆ ಉತ್ತರ ಅಲ್ಲಿಯೇ ಇದೆ: ಫಲಿತಾಂಶ ನಲ್ ಆಗಿಲ್ಲದಿದ್ದರೆ ಮಾತ್ರ ಉತ್ತರ ಕಳುಹಿಸು ಎಂದು ಬರೆದಿರುತ್ತದೆ. ನಲ್ ಎಂದರೆ ದೋಷವಲ್ಲ, ಮೌನ. ಕ್ಲೈಂಟ್ ತನ್ನ ಗಡುವು ಮುಗಿಯುವವರೆಗೆ ಕಾದು, ಸಮಯ ಮೀರಿತು ಎಂಬ ಸಂದೇಶದೊಂದಿಗೆ ಹಿಂತಿರುಗುತ್ತದೆ, ಮತ್ತು ಅದನ್ನು ಓದಿದವರು ನೆಟ್‌ವರ್ಕ್ ಕೇಬಲ್‌ಗಳನ್ನು ಪರೀಕ್ಷಿಸಲು ಹೊರಡುತ್ತಾರೆ.

ಕಂಪೈಲ್ ಮಾಡುವಾಗ ಹಳೆಯ ಪುಸ್ತಕಗಳ ಸೂಚನೆ ಇಂದು ನಡೆಯುವುದಿಲ್ಲ. ಈ ಲೈಬ್ರರಿ ಹಿಂದೆ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯೊಳಗೇ ಇತ್ತು. 2020ರ ಆಗಸ್ಟ್‌ನಲ್ಲಿ ಬಂದ 2.32ನೇ ಆವೃತ್ತಿಯಲ್ಲಿ ಅದನ್ನು ಪೂರ್ತಿಯಾಗಿ ತೆಗೆಯಲಾಯಿತು. ಈಗ ಲಿಬ್‌ಟಿಐಆರ್‌ಪಿಸಿ ಎಂಬ ಪ್ರತ್ಯೇಕ ಲೈಬ್ರರಿಯನ್ನೂ ಅದರ ಡೆವಲಪ್‌ಮೆಂಟ್ ಪ್ಯಾಕೇಜನ್ನೂ ಹಾಕಿಕೊಂಡು, ಹೆಡರ್‌ಗಳನ್ನು ಟಿಐಆರ್‌ಪಿಸಿ ಎಂಬ ಉಪಡೈರೆಕ್ಟರಿಯಲ್ಲಿ ಹುಡುಕುವಂತೆ ಕಂಪೈಲರ್‌ಗೂ, ಟಿಐಆರ್‌ಪಿಸಿಯನ್ನು ಜೋಡಿಸುವಂತೆ ಲಿಂಕರ್‌ಗೂ ಹೇಳಬೇಕು. ಆರ್‌ಪಿಸಿ.ಎಚ್ ಎಂಬ ಹೆಡರ್ ಸಿಗುತ್ತಿಲ್ಲ ಎಂಬ ದೂರು ಬಂದರೆ ಕಾರಣ ಬಹುತೇಕ ಇಷ್ಟೇ.

ಸರ್ವರ್ ಆರಂಭವಾದಾಗ ಮೇನ್ ಏನು ಮಾಡುತ್ತದೆ ಎಂಬುದನ್ನು ಸಾಲುಸಾಲಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇನ್ನೊಂದು ದೊಡ್ಡ ಪ್ರಶ್ನೆಗೆ, ಅಂದರೆ ಕ್ಲೈಂಟ್‌ಗೆ ಸರ್ವರ್ ಎಲ್ಲಿದೆ ಎಂದು ತಿಳಿಯುವುದು ಹೇಗೆ ಎಂಬುದಕ್ಕೆ, ಉತ್ತರ ಅಲ್ಲಿದೆ. ನಮ್ಮ ಸರ್ವರ್‌ಗೆ ನಿಗದಿತ ಪೋರ್ಟ್, ಅಂದರೆ ಯಂತ್ರದೊಳಗಿನ ಬಾಗಿಲಿನ ಸಂಖ್ಯೆ, ಇಲ್ಲ. ಅದು ಬಿಡಿಬಿಡಿ ಸಂದೇಶಗಳನ್ನು ಸಾಗಿಸುವ ಯುಡಿಪಿಗೆ ಒಂದು, ಸಂಪರ್ಕ ಕಟ್ಟಿಕೊಂಡು ಸಾಗಿಸುವ ಟಿಸಿಪಿಗೆ ಒಂದು ಸಾಕೆಟ್ ತೆರೆದು, ಆಪರೇಟಿಂಗ್ ಸಿಸ್ಟಮ್ ಕೊಟ್ಟ ಪೋರ್ಟ್‌ಗಳನ್ನು ತೆಗೆದುಕೊಳ್ಳುತ್ತದೆ. ನಂತರ ಅದೇ ಯಂತ್ರದಲ್ಲಿ 111ನೇ ಪೋರ್ಟ್‌ನಲ್ಲಿ ಕುಳಿತಿರುವ ಆರ್‌ಪಿಸಿಬೈಂಡ್ ಎಂಬ ಸೇವೆಗೆ, 536870913ನೇ ಪ್ರೋಗ್ರಾಂನ 1ನೇ ಆವೃತ್ತಿ ಇಂಥ ಪೋರ್ಟ್‌ನಲ್ಲಿದೆ ಎಂದು ಬರೆಸುತ್ತದೆ. ಈ ಸೇವೆಯ ಹಳೆಯ ಹೆಸರು ಪೋರ್ಟ್‌ಮ್ಯಾಪರ್. ಕ್ಲೈಂಟ್ ಮೊದಲು 111ಕ್ಕೆ ಹೋಗಿ ಪೋರ್ಟ್ ಕೇಳಿಕೊಂಡು, ಆಮೇಲೆ ನಮ್ಮ ಸರ್ವರ್ ಬಳಿ ಬರುತ್ತದೆ. ಆರ್‌ಪಿಸಿಬೈಂಡ್ ಓಡುತ್ತಿಲ್ಲದಿದ್ದರೆ ಸರ್ವರ್ ನೋಂದಾಯಿಸಲಾಗಲಿಲ್ಲ ಎಂದು ಹೇಳಿ ಆರಂಭದಲ್ಲಿಯೇ ನಿಲ್ಲುತ್ತದೆ.

ನೋಂದಾಯಿಸುವುದಕ್ಕೂ ಮೊದಲು ಮೇನ್ ಇನ್ನೊಂದು ಕೆಲಸ ಮಾಡುತ್ತದೆ: ಅದೇ ಸಂಖ್ಯೆಗಳಲ್ಲಿ ಹಿಂದೆ ಯಾರಾದರೂ ಬರೆಸಿದ್ದರೆ ಅದನ್ನು ಅಳಿಸುತ್ತದೆ. ಹಿಂದಿನ ಬಾರಿ ಸರ್ವರ್ ಇದ್ದಕ್ಕಿದ್ದಂತೆ ಸತ್ತಿದ್ದರೆ ಅದರ ನೋಂದಣಿ ಹಾಗೆಯೇ ಉಳಿದಿರುತ್ತದೆ, ಕ್ಲೈಂಟ್‌ಗಳು ಯಾರೂ ಇಲ್ಲದ ಪೋರ್ಟ್‌ನ ಬಾಗಿಲು ತಟ್ಟುತ್ತಿರುತ್ತವೆ; ಅದನ್ನು ಸರಿಪಡಿಸಲು ಈ ಹೆಜ್ಜೆ. ಆದರೆ ಇದರಿಂದಾಗಿ, ಒಂದು ಸರ್ವರ್ ಓಡುತ್ತಿರುವಾಗಲೇ ಮರೆತು ಎರಡನೆಯದನ್ನು ಆರಂಭಿಸಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಎರಡನೆಯದು ಮೊದಲನೆಯದರ ಹೆಸರನ್ನು ಅಳಿಸಿ ತನ್ನದನ್ನು ಬರೆಸಿಕೊಳ್ಳುತ್ತದೆ. ಕೋಡ್ ತಿದ್ದಿದರೂ ಉತ್ತರ ಬದಲಾಗುತ್ತಿಲ್ಲ, ಅಥವಾ ತಿದ್ದದೆಯೇ ಬದಲಾಗಿದೆ ಎಂದು ಅನಿಸಿದಾಗ ಮೊದಲು ಪರೀಕ್ಷಿಸಬೇಕಾದದ್ದು ಇದನ್ನು.

ಕೊನೆಗೆ ಮೇನ್ ಎಸ್‌ವಿಸಿ_ರನ್ ಅನ್ನು ಕರೆಯುತ್ತದೆ, ಅಲ್ಲಿಂದ ಅದು ಹಿಂತಿರುಗುವುದಿಲ್ಲ. ಸಾಕೆಟ್‌ಗಳನ್ನು ಗಮನಿಸುತ್ತ, ಕರೆ ಬಂದಾಗ ಬಿಚ್ಚಿ ನಮ್ಮ ಫಂಕ್ಷನ್‌ಗೆ ಕೊಟ್ಟು, ಉತ್ತರ ಕಳುಹಿಸಿ, ಮತ್ತೆ ಗಮನಿಸತೊಡಗುವ ಅನಂತ ಲೂಪ್ ಅದು. ಇನ್ನೊಂದು ಟರ್ಮಿನಲ್‌ನಲ್ಲಿ ಆರ್‌ಪಿಸಿಇನ್ಫೋ ಆದೇಶವನ್ನು ಪಿ ಆಯ್ಕೆಯೊಂದಿಗೆ ಕೊಟ್ಟರೆ ನೋಂದಣಿಗಳ ಪಟ್ಟಿ ಬರುತ್ತದೆ. ಅದರಲ್ಲಿ 536870913 ಎಂಬ ಸಂಖ್ಯೆ ಎರಡು ಸಾಲುಗಳಲ್ಲಿ, ಒಮ್ಮೆ ಯುಡಿಪಿ ಜೊತೆಗೆ, ಒಮ್ಮೆ ಟಿಸಿಪಿ ಜೊತೆಗೆ ಕಾಣಬೇಕು. ಅದೇ ಆದೇಶಕ್ಕೆ ಟಿ ಆಯ್ಕೆ, ಯಂತ್ರದ ಹೆಸರು, ಪ್ರೋಗ್ರಾಂ ಮತ್ತು ಆವೃತ್ತಿ ಸಂಖ್ಯೆ ಕೊಟ್ಟರೆ ಅದು ಸೊನ್ನೆಯನೆಯ ಪ್ರೊಸೀಜರನ್ನು ಕರೆದು, ಸೇವೆ ಸಿದ್ಧವಾಗಿ ಕಾಯುತ್ತಿದೆ ಎಂದು ತಿಳಿಸುತ್ತದೆ. ಕ್ಲೈಂಟ್‌ನ ಒಂದು ಸಾಲನ್ನೂ ಬರೆಯುವ ಮೊದಲೇ ಸರ್ವರ್‌ನ ಆರೋಗ್ಯ ಹೀಗೆ ಖಚಿತವಾಗುತ್ತದೆ.

ಕ್ಲೈಂಟ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಸಿಎಲ್‌ಎನ್‌ಟಿ_ಕ್ರಿಯೇಟ್ ಮೂಲಕ ಯಂತ್ರದ ಹೆಸರು, ಪ್ರೋಗ್ರಾಂ ಮತ್ತು ಆವೃತ್ತಿ ಸಂಖ್ಯೆಗಳು, ಟಿಸಿಪಿಯೋ ಯುಡಿಪಿಯೋ ಎಂಬುದನ್ನು ಕೊಟ್ಟು ಒಂದು ಹ್ಯಾಂಡಲ್ ಪಡೆಯುತ್ತದೆ, ಡಿವೈಡ್_1 ಎಂಬ ಸ್ಟಬ್ಬನ್ನು ಕರೆಯುತ್ತದೆ, ಕೊನೆಗೆ ಹ್ಯಾಂಡಲನ್ನು ಬಿಡಿಸುತ್ತದೆ. ಮರೆಯಬಾರದ ಮಾತು ಒಂದೇ: ಇಲ್ಲಿ ಪರೀಕ್ಷೆ ಎರಡು ಹಂತದ್ದು. ಸ್ಟಬ್ ನಲ್ ಕೊಟ್ಟರೆ ಕರೆಯೇ ಪೂರ್ಣವಾಗಲಿಲ್ಲ ಎಂದರ್ಥ, ಕಾರಣವನ್ನು ಸಿಎಲ್‌ಎನ್‌ಟಿ_ಪಿಎರರ್ ತಿಳಿಸುತ್ತದೆ. ನಲ್ ಅಲ್ಲದಿದ್ದರೆ ಕರೆ ತಲುಪಿ ಉತ್ತರ ಬಂದಿದೆ, ಆದರೆ ಆ ಉತ್ತರ ಭಾಗಲಬ್ಧವೋ ದೋಷವೋ ಎಂಬುದನ್ನು ಸ್ಥಿತಿಯನ್ನು ನೋಡಿಯೇ ತಿಳಿಯಬೇಕು.

ಇನ್ನು ತಂತಿಯ ಮೇಲೆ ಏನು ಹರಿಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. 17 ಅನ್ನು 5ರಿಂದ ಭಾಗಿಸು ಎಂಬ ಕರೆ ಯುಡಿಪಿಯಲ್ಲಿ ಹೋದರೆ ಆರ್‌ಪಿಸಿ ಸಂದೇಶದ ಗಾತ್ರ ಸರಿಯಾಗಿ 48 ಬೈಟ್. ಅದರಲ್ಲಿರುವುದು ನಾಲ್ಕು ನಾಲ್ಕು ಬೈಟ್‌ಗಳ ಹನ್ನೆರಡು ಸಂಖ್ಯೆಗಳು, ಬೇರೇನೂ ಅಲ್ಲ. ಮೊದಲನೆಯದು ಈ ಕರೆಗೆ ಕ್ಲೈಂಟ್ ಕೊಟ್ಟ ಗುರುತಿನ ಸಂಖ್ಯೆ, ಎಕ್ಸ್‌ಐಡಿ. ಎರಡನೆಯದು ಸೊನ್ನೆ, ಇದು ಕರೆ ಎಂದು ಹೇಳಲು. ಮೂರನೆಯದು 2, ಆರ್‌ಪಿಸಿ ಪ್ರೋಟೋಕಾಲ್‌ನದೇ ಆವೃತ್ತಿ. ಆಮೇಲೆ 536870913, 1 ಮತ್ತು 1, ನಮ್ಮ ಮೂರು ಗುರುತುಗಳು. ನಂತರ ನಾಲ್ಕು ಸೊನ್ನೆಗಳು: ನಾನು ಯಾರೆಂದು ಹೇಳುತ್ತಿಲ್ಲ, ಅದರ ಉದ್ದ ಸೊನ್ನೆ, ಅದಕ್ಕೆ ಸಾಕ್ಷಿಯನ್ನೂ ಕೊಡುತ್ತಿಲ್ಲ, ಅದರ ಉದ್ದವೂ ಸೊನ್ನೆ. ಕಡೆಗೆ 17, 5. ಉತ್ತರ ಇನ್ನೂ ಚಿಕ್ಕದು, 36 ಬೈಟ್. ಅದೇ ಎಕ್ಸ್‌ಐಡಿ, ಇದು ಉತ್ತರ ಎಂಬ 1, ಕರೆಯನ್ನು ಒಪ್ಪಿಕೊಂಡೆ ಎಂಬ ಸೊನ್ನೆ, ಸರ್ವರ್‌ನ ಸಾಕ್ಷಿಯ ಜಾಗದಲ್ಲಿ ಎರಡು ಸೊನ್ನೆ, ಕೆಲಸ ಆಯಿತು ಎಂಬ ಸೊನ್ನೆ, ನಂತರ ನಮ್ಮ ಯೂನಿಯನ್‌ನ ಸ್ಥಿತಿ ಸೊನ್ನೆ, ಭಾಗಲಬ್ಧ 3, ಶೇಷ 2. ಸೊನ್ನೆಯಿಂದ ಭಾಗಿಸಲು ಕೇಳಿದ್ದರೆ ಸ್ಥಿತಿಯ ಹಿಂದೆ ಏನೂ ಇಲ್ಲದ ಕಾರಣ ಉತ್ತರ 28 ಬೈಟ್‌ಗೆ ಮುಗಿಯುತ್ತಿತ್ತು. ಟಿಸಿಪಿಯಲ್ಲಿ ಹೋದರೆ ಇಷ್ಟರ ಮುಂದೆ ಇನ್ನು ನಾಲ್ಕು ಬೈಟ್ ಸೇರುತ್ತದೆ. ಟಿಸಿಪಿ ಎಂಬುದು ಎಡೆಬಿಡದ ಹರಿವಾದ್ದರಿಂದ ಸಂದೇಶ ಎಲ್ಲಿ ಮುಗಿಯಿತು ಎಂದು ತಿಳಿಸಲು ಉದ್ದವನ್ನು 31 ಬಿಟ್‌ಗಳಲ್ಲಿಯೂ, ಇದು ಕೊನೆಯ ತುಣುಕು ಎಂಬುದನ್ನು ಮೇಲಿನ ಒಂದು ಬಿಟ್‌ನಲ್ಲಿಯೂ ಹೇಳಬೇಕಾಗುತ್ತದೆ.

ಈ ಸಂಖ್ಯೆಗಳೆಲ್ಲ ಬರೆದಿರುವುದು ಎಕ್ಸ್‌ಡಿಆರ್ ಎಂಬ ರೂಪದಲ್ಲಿ. ಅದರ ಈಗಿನ ನಿಯಮಗಳು 2006ರ ಆರ್‌ಎಫ್‌ಸಿ 4506ರಲ್ಲಿವೆ. ಪ್ರತಿ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು ಹೋಗುತ್ತದೆ. 17 ಎಂಬುದು ಮೂರು ಸೊನ್ನೆ ಬೈಟ್‌ಗಳಾಗಿ, ನಂತರ 17 ಆಗಿ ಹೋಗುತ್ತದೆ. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳ ಮೆಮೊರಿಯಲ್ಲಿ ಅದೇ ಸಂಖ್ಯೆ ತಿರುಗುಮುರುಗಾಗಿ, 17 ಮೊದಲು, ಸೊನ್ನೆಗಳು ಆಮೇಲೆ ಎಂಬ ಕ್ರಮದಲ್ಲಿರುತ್ತದೆ. ಸ್ಟ್ರಕ್ಟನ್ನು ಇದ್ದ ಹಾಗೆಯೇ ಸಾಕೆಟ್‌ಗೆ ಬರೆದು, ಆ ಕಡೆ ದೊಡ್ಡ ಬೈಟ್ ಮೊದಲಾಗಿರುವ ಯಂತ್ರ ಓದಿದರೆ ಅದಕ್ಕೆ 17ರ ಬದಲು 285212672 ಕಾಣುತ್ತದೆ. ಎಲ್ಲವನ್ನೂ ನಾಲ್ಕರ ಗುಣಕಕ್ಕೆ ಹೊಂದಿಸುವುದು ಎಕ್ಸ್‌ಡಿಆರ್‌ನ ಇನ್ನೊಂದು ನಿಯಮ. ಕನ್ನಡ ಎಂಬ ಪದವನ್ನೇ ಸ್ಟ್ರಿಂಗ್ ಆಗಿ ಕಳುಹಿಸುವುದಾದರೆ, ಕಣ್ಣಿಗೆ ಮೂರು ಅಕ್ಷರ ಕಂಡರೂ ಯೂನಿಕೋಡ್‌ನಲ್ಲಿ ಅದು ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್‌ನಂತೆ 15. ಎಕ್ಸ್‌ಡಿಆರ್ ಮೊದಲು 15 ಎಂಬ ಉದ್ದವನ್ನು ನಾಲ್ಕು ಬೈಟ್‌ಗಳಲ್ಲಿ ಬರೆದು, 15 ಬೈಟ್‌ಗಳನ್ನು ಬರೆದು, ಲೆಕ್ಕ ಹೊಂದಲು ಒಂದು ಸೊನ್ನೆ ಬೈಟ್ ಸೇರಿಸಿ ಒಟ್ಟು 20 ಬೈಟ್ ಕಳುಹಿಸುತ್ತದೆ. ಒಪ್ಪಂದದ ಫೈಲಿನಲ್ಲಿ ಸ್ಟ್ರಿಂಗ್‌ಗೆ ಗರಿಷ್ಠ ಮಿತಿ ಬರೆಯುವಾಗ ಅದು ಅಕ್ಷರಗಳ ಮಿತಿಯಲ್ಲ, ಬೈಟ್‌ಗಳ ಮಿತಿ ಎಂಬುದನ್ನು ನಮ್ಮ ಲಿಪಿಗಳಲ್ಲಿ ಕೆಲಸ ಮಾಡುವವರು ನೆನಪಿಡಲೇಬೇಕು: ಹೆಸರಿಗೆ 20ರ ಮಿತಿ ಹಾಕಿದರೆ ಆರು ಸಂಕೇತಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಮೆಮೊರಿ ಬೇರೆಯಾದದ್ದನ್ನು ಸ್ಟಬ್ ನಿಭಾಯಿಸಿತು, ಬೈಟ್ ಕ್ರಮ ಬೇರೆಯಾದದ್ದನ್ನು ಎಕ್ಸ್‌ಡಿಆರ್ ನಿಭಾಯಿಸಿತು. ಮೂರನೆಯದನ್ನು, ಅಂದರೆ ಇಬ್ಬರ ಸಾವು ಬದುಕು ಬೇರೆಯಾದದ್ದನ್ನು, ಯಾವ ಸಾಧನವೂ ನಮ್ಮ ಪರವಾಗಿ ನಿಭಾಯಿಸುವುದಿಲ್ಲ. ಆರ್‌ಪಿಸಿಜೆನ್ ಬರೆದುಕೊಡುವ ಕ್ಲೈಂಟ್ ಸ್ಟಬ್ 25 ಸೆಕೆಂಡ್ ಕಾಯುತ್ತದೆ. ಯುಡಿಪಿಯಲ್ಲಿ, ಆ ಗಡುವಿನೊಳಗೇ ಉತ್ತರ ತಡವಾದರೆ ಅದೇ ಎಕ್ಸ್‌ಐಡಿಯ ಅದೇ ಸಂದೇಶವನ್ನು ಮತ್ತೆ ಕಳುಹಿಸುತ್ತದೆ. ಉತ್ತರ ಬಾರದಿರುವುದಕ್ಕೆ ಕರೆಯೇ ದಾರಿಯಲ್ಲಿ ಕಳೆದುಹೋದದ್ದು ಕಾರಣವಿರಬಹುದು, ಸರ್ವರ್ ಕೆಲಸ ಮಾಡುತ್ತಿರುವಾಗ ಸತ್ತದ್ದು ಕಾರಣವಿರಬಹುದು, ಕೆಲಸ ಮುಗಿದು ಉತ್ತರ ಮಾತ್ರ ಕಳೆದುಹೋದದ್ದೂ ಕಾರಣವಿರಬಹುದು. ಕ್ಲೈಂಟ್‌ನ ಕಡೆಯಿಂದ ನೋಡಿದರೆ ಇವೆಲ್ಲವೂ ಒಂದೇ ರೀತಿಯ ಮೌನ. ಕೊನೆಯ ಸಂದರ್ಭದಲ್ಲಿ ಮತ್ತೆ ಕಳುಹಿಸಿದ ಕರೆಯಿಂದ ಸರ್ವರ್ ಅದೇ ಕೆಲಸವನ್ನು ಎರಡನೆಯ ಬಾರಿ ಮಾಡುತ್ತದೆ. ಭಾಗಾಕಾರವನ್ನು ನೂರು ಬಾರಿ ಮಾಡಿದರೂ ಉತ್ತರ ಅದೇ, ಯಾರಿಗೂ ನಷ್ಟವಿಲ್ಲ. ಖಾತೆಗೆ ಹಣ ಸೇರಿಸು ಎಂಬ ಪ್ರೊಸೀಜರ್ ಆಗಿದ್ದರೆ ಎರಡು ಬಾರಿ ಸೇರುತ್ತದೆ. ಟಿಸಿಪಿ ಬಳಸಿದರೆ ಲೈಬ್ರರಿ ತಾನಾಗಿ ಮತ್ತೆ ಕಳುಹಿಸುವುದಿಲ್ಲ ನಿಜ, ಆದರೆ ಸಂಪರ್ಕ ಕಡಿದಾಗ ಕೆಲಸ ಆಯಿತೋ ಇಲ್ಲವೋ ಎಂಬ ಅನುಮಾನ ಹಾಗೆಯೇ ಉಳಿಯುತ್ತದೆ, ಆಗ ಮತ್ತೆ ಕರೆಯುವ ನಿರ್ಧಾರ ನಮ್ಮದಾಗುತ್ತದೆ. ಆದ್ದರಿಂದ ಪ್ರೊಸೀಜರ್‌ಗಳನ್ನು ಎಷ್ಟು ಬಾರಿ ಕರೆದರೂ ಒಂದೇ ಫಲ ಬರುವಂತೆ ರೂಪಿಸಬೇಕು. ಇಷ್ಟು ಸೇರಿಸು ಎನ್ನುವ ಬದಲು, ಈ ಗುರುತಿನ ವ್ಯವಹಾರದಲ್ಲಿ ಇಷ್ಟು ಸೇರಿಸು ಎಂದು ಕೇಳಿ, ಆ ಗುರುತಿನದು ಈಗಾಗಲೇ ಆಗಿದ್ದರೆ ಹಳೆಯ ಉತ್ತರವನ್ನೇ ಕೊಡುವಂತೆ ಸರ್ವರ್ ಬರೆಯಬೇಕು. ಎನ್‌ಎಫ್‌ಎಸ್ ಸರ್ವರ್‌ಗಳು ಇತ್ತೀಚಿನ ಕರೆಗಳ ಉತ್ತರಗಳನ್ನು ಸ್ವಲ್ಪ ಕಾಲ ಜೋಪಾನವಾಗಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಎಸ್‌ವಿಸಿ_ರನ್ ಒಂದು ಸಮಯಕ್ಕೆ ಒಂದೇ ಕರೆಯನ್ನು ನಡೆಸುತ್ತದೆ ಎಂಬುದನ್ನು ಇದರ ಜೊತೆಗೇ ಹೇಳಬೇಕು. ಒಂದು ಪ್ರೊಸೀಜರ್ ಹತ್ತು ಸೆಕೆಂಡ್ ತೆಗೆದುಕೊಂಡರೆ ಉಳಿದವರೆಲ್ಲ ಸಾಲಿನಲ್ಲಿ ನಿಲ್ಲುತ್ತಾರೆ, ಅವರಲ್ಲಿ ಕೆಲವರ ಗಡುವು ಮುಗಿಯುತ್ತದೆ. ಆರ್‌ಪಿಸಿಜೆನ್‌ಗೆ ದೊಡ್ಡ ಎಂ ಆಯ್ಕೆ ಕೊಟ್ಟರೆ ಫಂಕ್ಷನ್‌ನ ರೂಪ ಬದಲಾಗಿ, ಫಲಿತಾಂಶದ ಜಾಗವನ್ನು ಸ್ಟಬ್ಬೇ ಕೊಡುತ್ತದೆ, ಸ್ಟ್ಯಾಟಿಕ್ ವೇರಿಯಬಲ್‌ನ ಅಗತ್ಯ ಬೀಳುವುದಿಲ್ಲ. ಅದು ಥ್ರೆಡ್‌ಗಳಿಗೆ ದಾರಿ ಮಾಡಿಕೊಡುತ್ತದೆ ಅಷ್ಟೇ, ಲಿನಕ್ಸ್‌ನಲ್ಲಿ ಥ್ರೆಡ್‌ಗಳನ್ನು ತಾನೇ ಹುಟ್ಟಿಸುವುದಿಲ್ಲ.

ಭದ್ರತೆಯ ವಿಷಯದಲ್ಲಿ ನೇರವಾಗಿ ಹೇಳುವುದೇ ಒಳಿತು: ನಾವು ಕಟ್ಟಿದ ಸರ್ವರ್ ಯಾರು ಕೇಳಿದರೂ ಉತ್ತರಿಸುತ್ತದೆ. ಕರೆಯ ಸಂದೇಶದ ಆ ನಾಲ್ಕು ಸೊನ್ನೆಗಳಲ್ಲಿ ಮೊದಲೆರಡರ ಜಾಗದಲ್ಲಿ ಆಥ್_ಸಿಸ್ ಎಂಬ ಗುರುತಿನ ವಿಧಾನ ಬಳಸಿದರೆ ಕ್ಲೈಂಟ್ ತನ್ನ ಯಂತ್ರದ ಹೆಸರು, ಬಳಕೆದಾರ ಸಂಖ್ಯೆ ಮತ್ತು ಗರಿಷ್ಠ 16 ಹೆಚ್ಚುವರಿ ಗುಂಪುಗಳ ಸಂಖ್ಯೆಗಳನ್ನು ಕಳುಹಿಸುತ್ತದೆ, ಆದರೆ ಅದು ಕ್ಲೈಂಟ್ ತಾನೇ ಹೇಳಿಕೊಂಡದ್ದು. ನಾನು ರೂಟ್ ಎಂದು ಯಾರು ಬೇಕಾದರೂ ಬರೆದು ಕಳುಹಿಸಬಹುದು. ನಿಜವಾದ ಪರಿಶೀಲನೆಗೆ 1997ರಲ್ಲಿ ಆರ್‌ಎಫ್‌ಸಿ 2203 ಆಗಿ ಬಂದ ಆರ್‌ಪಿಸಿಸೆಕ್_ಜಿಎಸ್‌ಎಸ್ ಇದೆ, ಅದರ ಹಿಂದೆ ಸಾಮಾನ್ಯವಾಗಿ ಕರ್ಬೆರೋಸ್ ಎಂಬ ಗುರುತು ಪರಿಶೀಲನಾ ವ್ಯವಸ್ಥೆ ಇರುತ್ತದೆ. ಪ್ರಯೋಗಕ್ಕಾಗಿ ಕಟ್ಟಿದ ಸರ್ವರ್ ಅನ್ನು ಹೊರಗಿನ ಇಂಟರ್‌ನೆಟ್‌ಗೆ ತೆರೆದಿಡಬಾರದು, 111ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿರಬೇಕು. ಚಿಕ್ಕ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವ ಪೋರ್ಟ್‌ಮ್ಯಾಪರ್‌ಗಳನ್ನು, ಕಳುಹಿಸಿದವರ ವಿಳಾಸವನ್ನು ಸುಳ್ಳಾಗಿ ಬರೆದು ಬೇರೆಯವರ ಮೇಲೆ ದತ್ತಾಂಶದ ಪ್ರವಾಹ ಹರಿಸಲು 2015ರಲ್ಲಿ ಬಳಸಿದ್ದು ದಾಖಲಾಗಿದೆ.

ಸರ್ವರ್ ಬಳಕೆಗೆ ಬಂದ ಮೇಲೆ ಬದಲಾವಣೆ ಬೇಕಾಗುತ್ತದೆ. 32 ಬಿಟ್ ಸಾಲದು, 64 ಬಿಟ್ ಬೇಕು ಎಂದುಕೊಳ್ಳೋಣ. ಎಕ್ಸ್‌ಡಿಆರ್‌ನಲ್ಲಿ ಅದಕ್ಕೆ ಹೈಪರ್ ಎಂಬ ಎಂಟು ಬೈಟ್‌ಗಳ ವಿಧವಿದೆ. ಇರುವ ಸ್ಟ್ರಕ್ಟನ್ನೇ ತಿದ್ದಿದರೆ ಹಳೆಯ ಕ್ಲೈಂಟ್ ಕಳುಹಿಸುವ ಎಂಟು ಬೈಟ್ ಆರ್ಗ್ಯುಮೆಂಟ್‌ಗಳಲ್ಲಿ ಸರ್ವರ್ ಹದಿನಾರನ್ನು ಹುಡುಕಿ, ಸಿಗದೆ, ಆರ್ಗ್ಯುಮೆಂಟ್‌ಗಳು ಅರ್ಥವಾಗಲಿಲ್ಲ ಎಂಬ ದೋಷಸಂಖ್ಯೆ 4 ಅನ್ನು ಹಿಂತಿರುಗಿಸುತ್ತದೆ. ಅದರ ಬದಲು ಅದೇ ಪ್ರೋಗ್ರಾಂ ವಿಭಾಗದಲ್ಲಿ 1ನೇ ಆವೃತ್ತಿಯನ್ನು ಮುಟ್ಟದೆ 2ನೇ ಆವೃತ್ತಿಯನ್ನು ಸೇರಿಸಿ, ಡಿವೈಡ್_2_ಎಸ್‌ವಿಸಿ ಎಂಬ ಹೊಸ ಫಂಕ್ಷನ್ ಬರೆಯಬೇಕು. ಹಳೆಯ ಡಿವೈಡ್_1_ಎಸ್‌ವಿಸಿ ತನ್ನ ಪಾಡಿಗೆ ಇರುತ್ತದೆ. ಕಂಪೈಲ್ ಮಾಡಿ ಮತ್ತೆ ಆರಂಭಿಸಿದಾಗ ಆರ್‌ಪಿಸಿಇನ್ಫೋ ಪಟ್ಟಿಯಲ್ಲಿ 536870913ರ ಎದುರು ಈಗ ಎರಡರ ಬದಲು ನಾಲ್ಕು ಸಾಲುಗಳು ಕಾಣುತ್ತವೆ, ಒಂದೇ ಸರ್ವರ್ ಹಳೆಯ ಕ್ಲೈಂಟ್‌ಗಳಿಗೂ ಹೊಸಬರಿಗೂ ಅವರವರ ಒಪ್ಪಂದದಂತೆ ಉತ್ತರಿಸುತ್ತಿರುತ್ತದೆ.